ಮಂಗನ ಕಾಯಿಲೆ ಸುದ್ದಿ ನಡುವೆ ಸಿಗಂದೂರಿಗೆ ಹೋಗಬಹುದಾ? ದಾವಣಗೆರೆಯಿಂದ ಒಂದು ಲೆಕ್ಕಾಚಾರ

ಡಿಸೆಂಬರ್ ಕಳೆಯಿತೆಂದರೆ ಮಲೆನಾಡಿನಿಂದ ಒಂದು ಸುದ್ದಿ ಬರುವುದು ವಾಡಿಕೆಯೇ ಆಗಿಬಿಟ್ಟಿದೆ. ಮೊದಲು ಎಲ್ಲೋ ಒಂದು ಮಂಗ ಸತ್ತಿದೆ ಎಂಬ ಪುಟ್ಟ ಸುದ್ದಿ. ವಾರ ಬಿಟ್ಟು ಒಬ್ಬರಿಗೆ ಪಾಸಿಟಿವ್. ಆಮೇಲೆ ‘ಕಟ್ಟೆಚ್ಚರ’, ‘ಹೈ ಅಲರ್ಟ್’. ಅದೇ ಸುದ್ದಿಯ ಕೊನೆಯ ಸಾಲಿನಲ್ಲಿ ಅಧಿಕಾರಿಗಳ ಮಾತು: ಜನ ಗಾಬರಿಯಾಗುವ ಅಗತ್ಯವಿಲ್ಲ.

ಕಟ್ಟೆಚ್ಚರವೂ ಬೇಕು, ಗಾಬರಿಯೂ ಬೇಡ ಅಂದರೆ ದಾವಣಗೆರೆಯಲ್ಲಿ ಕೂತು ಓದುವವರು ಏನು ಮಾಡಬೇಕು? ಶಿವಮೊಗ್ಗ ನಮಗೆ ಪಕ್ಕದ ಜಿಲ್ಲೆ. ಹೊನ್ನಾಳಿ ಮೇಲೆ ಹೋದರೆ ಎರಡು ಗಂಟೆಯ ದಾರಿ. ನ್ಯಾಮತಿ, ಚನ್ನಗಿರಿ ಕಡೆಯವರ ನೆಂಟಸ್ತಿಕೆ, ಅಡಿಕೆ ವ್ಯಾಪಾರ, ಮಕ್ಕಳ ಕಾಲೇಜು ಎಲ್ಲವೂ ಆ ಕಡೆಗೇ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲಂತೂ ಲಾಂಚ್‌ಗೆ ಕಾಯುವ ಕೆಲಸ ತಪ್ಪಿ, ಸಿಗಂದೂರು ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಊರಾಗಿದೆ. ಟಿಟಿಗೆ (ಟೆಂಪೊ ಟ್ರಾವೆಲರ್) ಅಡ್ವಾನ್ಸ್ ಕೊಟ್ಟಾಗಿದೆ, ಹರಕೆ ಬಾಕಿ ಇದೆ, ಮನೆಯಲ್ಲಿ ವಯಸ್ಸಾದವರೂ ಸಣ್ಣ ಮಕ್ಕಳೂ ಇದ್ದಾರೆ. ಹೋಗಬೇಕಾ, ಬೇಡವಾ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೇಳುವುದು ‘ಆ ಕಾಯಿಲೆ ಎಷ್ಟು ಡೇಂಜರ್?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಅದು ನನ್ನ ತನಕ ಯಾವ ದಾರಿಯಲ್ಲಿ ಬರುತ್ತದೆ? ಪ್ರತಿ ವೈರಸ್‌ಗೂ ಅದರದೇ ದಾರಿ ಇದೆ. ಅದು ಗೊತ್ತಾದರೆ ಯಾವ ಪ್ರಯಾಣ ಬಿಡಬೇಕು, ಯಾವುದನ್ನು ಬಿಡಬೇಕಿಲ್ಲ ಅನ್ನುವುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಮಂಗ ರೋಗಿ, ಆರೋಪಿ ಅಲ್ಲ

ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಅದೇ ಹೊತ್ತಿಗೆ ಸುತ್ತಲ ಊರುಗಳ ಜನರಿಗೂ ವಿಪರೀತ ಜ್ವರ. ಎರಡನ್ನೂ ಜೋಡಿಸಿ ಜನ ಮಂಗನ ಕಾಯಿಲೆ ಅಂದರು. ವೈದ್ಯರು ಆ ಕಾಡಿನ ಹೆಸರನ್ನೇ ಇಟ್ಟು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ ಎಂದು ಕರೆದರು.

ಹೆಸರು ನಾಲಿಗೆಗೆ ಸುಲಭವಾಯಿತು, ತಿಳಿವಳಿಕೆಗೆ ಕಷ್ಟವಾಯಿತು. ಮಂಗ ಕಚ್ಚಿದರೆ, ಮಂಗ ಮುಟ್ಟಿದ ಬಾಳೆಹಣ್ಣು ತಿಂದರೆ ಬರುತ್ತದೆ ಎಂದೇ ಇವತ್ತಿಗೂ ಬಹಳ ಜನ ನಂಬಿದ್ದಾರೆ. ಹಾಗಲ್ಲ. ವೈರಸ್ ಹೊತ್ತು ತಿರುಗುವುದು ಉಣ್ಣೆ. ಮಲೆನಾಡಿನವರು ಉಣುಗು ಅನ್ನುತ್ತಾರೆ. ನಮ್ಮ ಕಡೆ ದನ, ಕುರಿ ಸಾಕಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಮನುಷ್ಯರಿಗೆ ತೊಂದರೆ ಕೊಡುವುದು ದನದ ಕಿವಿಯಲ್ಲಿ ಬೀಜದಂತೆ ಊದಿಕೊಂಡು ಕಾಣುವ ದೊಡ್ಡ ಉಣ್ಣೆ ಅಲ್ಲ, ಕಾಡಿನ ತರಗೆಲೆಯ ಮೇಲಿರುವ ಮರಿ ಉಣ್ಣೆ. ಅದು ಎಳ್ಳಿಗಿಂತ ಚಿಕ್ಕದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಕಾಡಿನಲ್ಲಿ ಈ ವೈರಸ್ ಉಣ್ಣೆ, ಇಲಿ, ಹೆಗ್ಗಣಗಳ ನಡುವೆ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ಕರಿ ಮೂತಿಯ ಮುಸುವಕ್ಕೋ ಕೆಂಪು ಮಂಗಕ್ಕೋ ಅಂಥ ಉಣ್ಣೆ ಕಚ್ಚಿದರೆ ಅದರ ಮೈಯಲ್ಲಿ ವೈರಸ್ ಜಾಸ್ತಿಯಾಗುತ್ತದೆ, ಮಂಗ ಸಾಯುತ್ತದೆ. ಸತ್ತ ಮೈಯಲ್ಲಿ ಉಣ್ಣೆಗಳಿಗೆ ರಕ್ತ ಸಿಗುವುದಿಲ್ಲ. ಅವು ಉದುರಿ ಸುತ್ತಲ ನೆಲಕ್ಕೆ ಹರಡುತ್ತವೆ. ಅಂದರೆ ಮಂಗ ಸತ್ತ ಜಾಗ ವೈರಸ್ ತುಂಬಿಕೊಂಡ ಉಣ್ಣೆಗಳ ಗುಡ್ಡೆಯಾಗುತ್ತದೆ. ಮಂಗ ಸತ್ತರೆ ಸುದ್ದಿಯಾಗುವುದು, ಅಲ್ಲಿಗೆ ಸಿಬ್ಬಂದಿ ಓಡಿ ಹೋಗಿ ಸುತ್ತ ಔಷಧಿ ಹೊಡೆಯುವುದು ಇದಕ್ಕೇ. ಮಂಗ ನಮಗೆ ಮುಂಚಿತವಾಗಿ ಸಿಗುವ ಸೂಚನೆ. ಪಾಪ, ಕೆಟ್ಟ ಹೆಸರು ಮಾತ್ರ ಅದಕ್ಕೇ ಬಂತು.

ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಮರಿ ಉಣ್ಣೆಗಳ ಓಡಾಟ ಶುರು. ಹಾಗಾಗಿ ನವೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಮಲೆನಾಡಿನಲ್ಲಿ ಕೊಟ್ಟಿಗೆಗೆ, ತೋಟಕ್ಕೆ ತರಗು ಗುಡಿಸಿ ತರುವುದೂ, ಸೌದೆ ಒಟ್ಟುವುದೂ ಇದೇ ತಿಂಗಳುಗಳಲ್ಲಿ. ನಾವು ಬಯಲುಸೀಮೆಯವರು ಟೂರ್ ಹೊರಡುವುದೂ ಆಗಲೇ. ಮೂರೂ ಒಟ್ಟಿಗೆ ಬಂದದ್ದು ಕಾಕತಾಳೀಯ ಅಲ್ಲ. ಒಣ ಹವೆಯೇ ಮೂರಕ್ಕೂ ಕಾರಣ.

ಬಸ್ಸು ಹತ್ತಿ ಬರುವ ಕಾಯಿಲೆ ಅಲ್ಲ

ಈಗ ದಾರಿಯ ಪ್ರಶ್ನೆಗೆ ಬರೋಣ. ಮಂಗನ ಕಾಯಿಲೆ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಕೆಮ್ಮಿದರೆ ಬರುವುದಿಲ್ಲ, ಒಂದೇ ಸೀಟಿನಲ್ಲಿ ಕೂತರೆ ಬರುವುದಿಲ್ಲ, ಜ್ವರ ಬಂದ ನೆಂಟರ ಮನೆಯಲ್ಲಿ ಉಂಡರೂ ಬರುವುದಿಲ್ಲ. ವೈರಸ್‌ಗೆ ಮನುಷ್ಯ ಕೊನೆಯ ನಿಲ್ದಾಣ. ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿ ಇಲ್ಲ.

ಹಾಗಾಗಿ ‘ಶಿವಮೊಗ್ಗ ಬಸ್ಸಿನಲ್ಲಿ ಕಾಯಿಲೆ ದಾವಣಗೆರೆಗೆ ಬರುತ್ತೆ’ ಎಂಬ ಮಾತಿಗೆ ಅರ್ಥವಿಲ್ಲ. ‘ಸಾಗರದಲ್ಲಿ ಕೇಸ್ ಇದೆ, ಅದಕ್ಕೆ ಸಾಗರ ಪೇಟೆಗೆ ಕಾಲಿಡಬೇಡಿ’ ಎಂಬುದಕ್ಕೂ ಅಷ್ಟೇ. ಉಣ್ಣೆ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ತರಗಿನ ಮೇಲೆ, ಗಿಡದ ತುದಿಯಲ್ಲಿ ಕಾದು ಕೂತು, ತಾಗಿಕೊಂಡು ಹೋಗುವ ಕಾಲಿಗೆ ಹತ್ತಿಕೊಳ್ಳುತ್ತದೆ. ಟಾರು ರಸ್ತೆ, ಸಿಮೆಂಟಿನ ಮೆಟ್ಟಿಲು, ದೇವಸ್ಥಾನದ ಅಂಗಳ ಅದರ ಜಾಗ ಅಲ್ಲ.

ಹಾಗಾದರೆ ಪ್ರವಾಸಿಗರಿಗೆ ಅಪಾಯವೇ ಇಲ್ಲವಾ? ಇದೆ, ಆದರೆ ಬೇರೆ ಕಡೆ ಇದೆ. ಟಿಟಿ ನಿಲ್ಲಿಸಿ, ನೆರಳು ಚೆನ್ನಾಗಿದೆ ಎಂದು ಕಾಡಿನ ಅಂಚಿನಲ್ಲಿ ಜಮಖಾನ ಹಾಸಿ, ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚುತ್ತೇವಲ್ಲ, ಅಲ್ಲಿ ಇದೆ. ಗಂಡಸರು, ಮಕ್ಕಳು ಮರದ ಮರೆಗೆ ಹೋಗುತ್ತಾರಲ್ಲ, ಅಲ್ಲಿ ಇದೆ. ಫೋಟೊ ಚೆನ್ನಾಗಿ ಬರುತ್ತದೆಂದು ಪೊದೆ ನುಗ್ಗಿ ವ್ಯೂಪಾಯಿಂಟ್ ಹುಡುಕುವಲ್ಲಿ, ಹೋಂಸ್ಟೇ ಹಿಂದಿನ ಗುಡ್ಡ ಹತ್ತುವಲ್ಲಿ, ಚಾರಣದಲ್ಲಿ ಇದೆ. ಅಂದರೆ ದೇವಿಯ ದರ್ಶನ ಬಿಡಬೇಕಿಲ್ಲ, ಬುತ್ತಿ ಬಿಚ್ಚುವ ಜಾಗ ಬದಲಿಸಬೇಕು. ಮಂಗ ಸತ್ತಿದೆ ಎಂದು ಸುದ್ದಿಯಾದ ಊರಿನ ಕಾಡಿನ ಕಡೆ ಮಾತ್ರ ಆ ಸೀಸನ್ ಮುಗಿಯುವ ತನಕ ಹೋಗದಿರುವುದೇ ಸರಿ. ಅಲ್ಲಿ ರಾಜಿ ಬೇಡ.

ಕಾಡಿನೊಳಗೆ ಹೋಗಲೇಬೇಕಾದವರು ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಬೇಕು. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಆ ಭಾಗದಲ್ಲಿ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಉಣ್ಣೆ ಕಂಡರೆ ಹೊಸಕದೆ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಇದಿಷ್ಟು ಎರಡು ದಿನದ ಪ್ರವಾಸಿಗೆ ಸಾಕು.

ಅಲ್ಲೇ ಬದುಕುವವರಿಗೆ ಇದು ಸಾಲುವುದಿಲ್ಲ. ಸುದ್ದಿಯ ಗದ್ದಲದಲ್ಲಿ ಮರೆತುಹೋಗುವುದು ಅವರೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಒಂದಾದ ಮೇಲೊಂದು ಸಾವಾದಾಗ ಸತ್ತವರು ಪ್ರವಾಸಿಗರಲ್ಲ, ತೋಟ ಕಾಡು ಎಂದು ದಿನಾ ಓಡಾಡುವ ಊರಿನವರು. ಬಯಲುಸೀಮೆಯಿಂದ ಅಡಿಕೆ ಕೊಯ್ಲಿಗೆ, ತೋಟದ ಕೂಲಿಗೆ ಹೋಗುವವರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಟಿಟಿಯಲ್ಲಿ ಹೋಗಿ ಬರುವ ಕುಟುಂಬದ ಎರಡು ತಾಸಿಗೂ ಅವರ ಎರಡು ತಿಂಗಳಿಗೂ ಹೋಲಿಕೆಯೇ ಇಲ್ಲ. ಆದರೆ ಕಾಡಿನ ಉಣ್ಣೆಯ ಬಗ್ಗೆ ಅವರಿಗೆ ಹೇಳುವವರೇ ಕಡಿಮೆ.

ಲಸಿಕೆ ಹಾಕಿಸಿಕೊಂಡು ಹೋದರೆ ಆಯ್ತಲ್ವಾ ಎಂದು ಕೇಳುವವರಿದ್ದಾರೆ. ಮೊದಲು ಒಂದು ಲಸಿಕೆ ಇತ್ತು. 1990ರ ದಶಕದಿಂದ ಮಲೆನಾಡಿನಲ್ಲಿ ಹಾಕುತ್ತಿದ್ದರು. ಎರಡು ಡೋಸ್, ಆಮೇಲೆ ಬೂಸ್ಟರ್. ಅದರ ಪರಿಣಾಮ ಸಾಲದು ಎಂದು ಗೊತ್ತಾಗಿ ಕೆಲವು ವರ್ಷಗಳ ಹಿಂದೆ ನಿಲ್ಲಿಸಲಾಯಿತು. ಹೊಸದರ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ನಡೆದಿದೆ. ಅದು ಬಂದರೂ ಮೊದಲು ಸಿಗಬೇಕಾದ್ದು ಅರಳಗೋಡಿನಂಥ ಊರುಗಳಿಗೆ, ನಮ್ಮ ಟೂರಿಗೆ ಅಲ್ಲ.

ನಿಪಾ: ಹೆಸರು ಕೇಳಿದರೆ ನಡುಕ, ದಾರಿ ಬೇರೆ

ಮಂಗನ ಕಾಯಿಲೆಯ ಜೊತೆ ಜನ ಗೊಂದಲ ಮಾಡಿಕೊಳ್ಳುವ ಇನ್ನೊಂದು ಹೆಸರು ನಿಪಾ. ಶಬರಿಮಲೆಗೆ ಮಾಲೆ ಹಾಕುವವರು ದಾವಣಗೆರೆ, ಚಿತ್ರದುರ್ಗದಲ್ಲಿ ಸಾವಿರಾರು ಜನ. ಕೇರಳದಲ್ಲಿ ನಿಪಾ ಅಂದ ಕೂಡಲೇ ಮನೆಯವರ ಎದೆ ಧಸಕ್ಕೆನ್ನುತ್ತದೆ.

ನಿಪಾ ನಿಜವಾಗಿಯೂ ಕ್ರೂರ. ಬಂದವರಲ್ಲಿ ನೂರಕ್ಕೆ 40ರಿಂದ 75 ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2018ರಲ್ಲಿ ಕೋಯಿಕ್ಕೋಡ್, ಮಲಪ್ಪುರಂ ಭಾಗದಲ್ಲಿ 17 ಮಂದಿ ಸತ್ತರು. ಅವರಲ್ಲಿ ರೋಗಿಯ ಆರೈಕೆ ಮಾಡಿದ ನರ್ಸ್ ಕೂಡ ಒಬ್ಬರು. ಆ ಒಂದು ವಿವರದಲ್ಲೇ ನಿಪಾದ ದಾರಿ ಇದೆ. ಹಣ್ಣು ತಿನ್ನುವ ಬಾವಲಿಯಿಂದ ಅದು ಮನುಷ್ಯನಿಗೆ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹೋಗಬೇಕಾದರೆ ಬಹಳ ಹತ್ತಿರದ ಸಂಪರ್ಕ ಬೇಕು: ರೋಗಿಯನ್ನು ಎತ್ತಿ ಕೂರಿಸುವುದು, ವಾಂತಿ ಒರೆಸುವುದು, ಒಂದೇ ವಾರ್ಡಿನಲ್ಲಿ ಪಕ್ಕದಲ್ಲೇ ಇರುವುದು. ಅದಕ್ಕೇ ಅದು ಮನೆಯವರನ್ನೂ ಆಸ್ಪತ್ರೆಯವರನ್ನೂ ಹಿಡಿಯುತ್ತದೆ. ರೈಲಿನಲ್ಲಿ ಹಾದು ಹೋದವರನ್ನಲ್ಲ.

2018ರಿಂದ 2025ರವರೆಗೆ ಕೇರಳದಲ್ಲಿ ನಿಪಾ ಕಾಣಿಸಿಕೊಂಡದ್ದು ಮೇಯಿಂದ ಸೆಪ್ಟೆಂಬರ್ ಒಳಗೆ. ಮಾಲೆ ಹಾಕುವ ಕಾಲ ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ. ಇದು ಮುಂದೆಯೂ ಹೀಗೇ ಇರುತ್ತದೆ ಎಂಬ ಗ್ಯಾರಂಟಿ ಅಲ್ಲ. ಆದರೂ ‘ಕೇರಳ’ ಎಂಬ ಒಂದೇ ಪದ ಕೇಳಿ ಯಾತ್ರೆ ರದ್ದು ಮಾಡುವ ಮೊದಲು ಯಾವ ಜಿಲ್ಲೆ, ಯಾವ ತಿಂಗಳು ಎಂದು ನೋಡುವುದು ಒಳ್ಳೆಯದು. ಬಾವಲಿ ಕಚ್ಚಿದ ಹಣ್ಣು ಮುಟ್ಟಬೇಡಿ, ಆ ಭಾಗದ ಆಸ್ಪತ್ರೆಗೆ ಸುಮ್ನೆ ರೋಗಿ ನೋಡಲು ಹೋಗಬೇಡಿ. ಯಾತ್ರಿಕರಿಗೆ ಇಷ್ಟು ಸಾಕು.

ಕೊಲ್ಲುವ ಶಕ್ತಿ ಬೇರೆ, ಹರಡುವ ಶಕ್ತಿ ಬೇರೆ. ನಿಪಾಕ್ಕೆ ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ. ಕೋವಿಡ್ ಇದಕ್ಕೆ ಉಲ್ಟಾ. ಅದು ಬಂದವರಲ್ಲಿ ಹೆಚ್ಚಿನವರು ಬದುಕಿದರು. ಆದರೆ ಉಸಿರಿನಲ್ಲಿ, ಅದೂ ಜ್ವರ ಬರುವ ಮೊದಲೇ ಹರಡಿತು. ಹಾಗಾಗಿ ದೇಶದಲ್ಲಿ ಸರ್ಕಾರಿ ಲೆಕ್ಕದಲ್ಲೇ 5 ಲಕ್ಷಕ್ಕೂ ಹೆಚ್ಚು ಜನ ಹೋದರು. ಗಾಳಿಯಲ್ಲಿ ಹರಡುವ ಕಾಯಿಲೆ ಬಂದರೆ ಮಾತ್ರ ನಮ್ಮ ದುಗ್ಗಮ್ಮನ ಜಾತ್ರೆ, ಮದುವೆ ಛತ್ರ, ತುಂಬಿದ ಬಸ್ಸು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಮಂಗನ ಕಾಯಿಲೆಗೆ ಮಾಸ್ಕ್ ಹಾಕಿ ಏನೂ ಉಪಯೋಗವಿಲ್ಲ.

‘ಬಂದ್ ಮಾಡಿ’ ಮತ್ತು ‘ಏನೂ ಆಗಲ್ಲ’

ಸುದ್ದಿ ಬಂದ ಕೂಡಲೇ ಎರಡು ಗುಂಪಾಗುತ್ತದೆ. ಒಂದು ಗುಂಪು ರಸ್ತೆ ಮುಚ್ಚಿ, ಚಾರಣ ನಿಲ್ಲಿಸಿ, ಬಂದವರನ್ನು ತಪಾಸಣೆ ಮಾಡಿ ಅನ್ನುತ್ತದೆ. ಇನ್ನೊಂದು ಗುಂಪಿನಲ್ಲಿ ಹೋಟೆಲ್, ಹೋಂಸ್ಟೇ, ಟ್ಯಾಕ್ಸಿಯವರಿದ್ದಾರೆ. ಎಲ್ಲೋ ಒಂದು ಊರಿನ ಕೇಸಿಗೆ ಇಡೀ ಮಲೆನಾಡಿನ ಹೆಸರು ಕೆಡಿಸಬೇಡಿ ಎಂಬುದು ಅವರ ವಾದ. ನಡುವೆ ಮೂರನೆಯ ದನಿಯೊಂದಿದೆ, ಅದು ಸಣ್ಣಗೆ ಕೇಳುತ್ತದೆ: ಪ್ರವಾಸಿಗರ ವಿಚಾರ ಆಮೇಲೆ, ನಮ್ಮೂರ ಆಸ್ಪತ್ರೆಗೆ ಡಾಕ್ಟರ್ ಕೊಡಿ.

ಮುಚ್ಚುವುದರ ಪರಿಣಾಮ ನಾವು ಒಮ್ಮೆ ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕಾಸರಗೋಡಿನಿಂದ ಕರ್ನಾಟಕಕ್ಕೆ ಬರುವ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಲಾಯಿತು. ಕಾಸರಗೋಡಿನ ಜನ ದೊಡ್ಡ ಚಿಕಿತ್ಸೆಗೆ ಅವಲಂಬಿಸಿದ್ದು ಮಂಗಳೂರಿನ ಆಸ್ಪತ್ರೆಗಳನ್ನು. ಆಂಬುಲೆನ್ಸ್ ದಾಟಲಾಗದೆ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟ್‌ಗೂ ಸುಪ್ರೀಂ ಕೋರ್ಟ್‌ಗೂ ಹೋಯಿತು. ಕೋವಿಡ್ ಗಾಳಿಯಲ್ಲಿ, ಮನುಷ್ಯರ ಜೊತೆಯೇ ಹೋಗುವ ಕಾಯಿಲೆ. ಅಂಥ ಕಾಯಿಲೆಗೇ ಗಡಿ ಮುಚ್ಚುವುದು ಇಷ್ಟು ದುಬಾರಿಯಾಯಿತು. ಮನುಷ್ಯರ ಜೊತೆ ಹೋಗದ ಮಂಗನ ಕಾಯಿಲೆಗೆ ರಸ್ತೆ ಮುಚ್ಚಿದರೆ ಖರ್ಚು ಅಷ್ಟೇ, ಲಾಭ ಸೊನ್ನೆ. ಆದರೆ ಮಂಗ ಸತ್ತ ಕಾಡಿನ ಒಂದು ಚಾರಣದ ದಾರಿಯನ್ನು ಆ ಸೀಸನ್‌ಗೆ ಮುಚ್ಚುವುದು ಅರ್ಥವಿರುವ ಕೆಲಸ. ಎರಡನ್ನೂ ‘ನಿರ್ಬಂಧ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಚರ್ಚೆ ಕೆಡುತ್ತಿದೆ.

‘ಏನೂ ಆಗಲ್ಲ’ ಎನ್ನುವವರೂ ಅಷ್ಟೇ ತಪ್ಪು ಮಾಡುತ್ತಾರೆ. ‘ನಮ್ಮ ಊರಲ್ಲಿ ಕೇಸೇ ಇಲ್ಲ’ ಎಂಬ ಮಾತನ್ನು ದಾವಣಗೆರೆಯವರು ನಂಬಬಾರದು. ಯಾಕೆಂದರೆ ನಮಗೆ ಅದರ ಪಾಠ ಆಗಿದೆ. 2020ರ ಏಪ್ರಿಲ್ ಕೊನೆಗೆ ದಾವಣಗೆರೆ ಹಸಿರು ವಲಯ ಎಂದು ಕೇಂದ್ರದ ಕೋವಿಡ್ ಪಟ್ಟಿಯಲ್ಲಿತ್ತು. ಆ ಪಟ್ಟಿ ಕೈಗೆ ಬರುವ ಹೊತ್ತಿಗೇ ನಗರದಲ್ಲಿ ಹೊಸ ಕೇಸ್ ಶುರುವಾಗಿತ್ತು. ಕೆಲವೇ ದಿನಗಳಲ್ಲಿ ಬಡಾವಣೆಗಳು ಸೀಲ್‌ಡೌನ್ ಆದವು. ಪಟ್ಟಿ ಸುಳ್ಳು ಹೇಳಲಿಲ್ಲ, ಹಳೆಯದನ್ನು ಹೇಳಿತು. ವೈರಸ್ ಒಳಗೆ ಹೋದ ಮೇಲೆ ಜ್ವರ ಬರಲು ಕೆಲವು ದಿನ, ಆಸ್ಪತ್ರೆಗೆ ಹೋಗಲು ಒಂದೆರಡು ದಿನ, ಪರೀಕ್ಷೆಗೆ, ವರದಿಗೆ ಮತ್ತೊಂದೆರಡು ದಿನ. ಇವತ್ತು ಪೇಪರಿನಲ್ಲಿ ಕಾಣುವ ಸೊನ್ನೆ ಒಂದೆರಡು ವಾರದ ಹಿಂದಿನ ಸೊನ್ನೆ.

ಸಂಖ್ಯೆಗಳನ್ನು ಹೇಗೆ ಓದಬೇಕು

ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ ಎಂದು ಓದುತ್ತೇವೆ. ಇದು ಕಾಯಿಲೆ ಬಂದವರ ಲೆಕ್ಕ. ಮಲೆನಾಡಿಗೆ ಹೋದವರ ಲೆಕ್ಕ ಅಲ್ಲ. ಈ ಎರಡನ್ನು ಕಲಸಿಕೊಂಡರೆ ‘ನೂರು ಜನ ಸಿಗಂದೂರಿಗೆ ಹೋದರೆ ಐದು ಜನ ವಾಪಸ್ ಬರಲ್ಲ’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶ ಹುಟ್ಟುತ್ತದೆ. 2024 ಜೋರಾಗಿದ್ದ ವರ್ಷ. ಆಗ ಇಡೀ ರಾಜ್ಯದಲ್ಲಿ ಸಿಕ್ಕ ಕೇಸ್ 300ರ ಆಸುಪಾಸು. ಅದೇ ಮಲೆನಾಡಿಗೆ ವರ್ಷಕ್ಕೆ ಹೋಗಿ ಬರುವವರು ಲಕ್ಷಗಟ್ಟಲೆ.

ಇಲ್ಲಿ ರಸ್ತೆಯ ಲೆಕ್ಕವನ್ನೂ ಇಡಬೇಕು. 2023ರಲ್ಲಿ ಕರ್ನಾಟಕದ ರಸ್ತೆ ಅಪಘಾತಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಿಗಂದೂರಿಗೆ ಹೋಗುವ ಕುಟುಂಬಕ್ಕೆ ದಾರಿಯ ದೊಡ್ಡ ಅಪಾಯ ಉಣ್ಣೆ ಅಲ್ಲ, ನಿದ್ದೆಗೆಟ್ಟ ಡ್ರೈವರ್. ಬೆಳಗಿನ ಜಾವ ಮೂರಕ್ಕೆ ಹೊರಟು ಮಧ್ಯರಾತ್ರಿಗೆ ವಾಪಸ್ ಬರುವ ಪ್ಲಾನ್ ಹಾಕುವವರು ಅದನ್ನು ಯೋಚಿಸುವುದೇ ಇಲ್ಲ.

ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅಪಘಾತ ಒಂದರಿಂದ ಎರಡು, ಎರಡರಿಂದ ನಾಲ್ಕು ಆಗುವುದಿಲ್ಲ. ಸಾಂಕ್ರಾಮಿಕ ಕಾಯಿಲೆ ಹಾಗೆ ಆಗುತ್ತದೆ. 2020ರ ಫೆಬ್ರವರಿಯಲ್ಲಿ ಕೋವಿಡ್‌ಗಿಂತ ರಸ್ತೆಯೇ ಅಪಾಯ ಎಂದವರ ಅಂಕಿ ಸರಿ ಇತ್ತು, ತೀರ್ಮಾನ ತಪ್ಪಿತ್ತು. ಮನುಷ್ಯರ ನಡುವೆ ಹರಡುವ ಕಾಯಿಲೆಯಲ್ಲಿ ಇವತ್ತಿನ ಸಂಖ್ಯೆಗಿಂತ ಅದು ಬೆಳೆಯುವ ವೇಗ ಮುಖ್ಯ. ಹರಡದ ಕಾಯಿಲೆಯಲ್ಲಿ ಜಾಗ ಮತ್ತು ಕಾಲ ಮುಖ್ಯ. ದಾರಿಯ ಪ್ರಶ್ನೆಗೆ ಉತ್ತರ ಸಿಗದೆ ಸಂಖ್ಯೆಗೆ ಅರ್ಥವೇ ಬರುವುದಿಲ್ಲ.

ಬಸ್ಸು ಹತ್ತಿ ಬರುವ ವೈರಸ್ ಬೇರೆ ಇದೆ

ಸಿಗಂದೂರಿಗೆ ಹೋಗಲು ಹೆದರುವ ಮನೆಯ ಹಿತ್ತಲಲ್ಲಿ ನೀಲಿ ಡ್ರಮ್ಮು ಇರುತ್ತದೆ. ದಾವಣಗೆರೆಯಲ್ಲಿ ನಲ್ಲಿ ನೀರು ದಿನಾಲೂ ಬರದ ಬಡಾವಣೆಗಳು ಬೇಕಾದಷ್ಟಿವೆ. ಭದ್ರಾ ನಾಲೆ, ತುಂಗಭದ್ರಾ ಹೊಳೆ ಎರಡನ್ನೂ ನಂಬಿದ ಊರು ಇದು. ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಯ ಮಟ್ಟ ಇಳಿಯಿತೆಂದರೆ ನೀರು ಬರುವ ದಿನಗಳ ನಡುವಿನ ಅಂತರ ಉದ್ದವಾಗುತ್ತದೆ. ಚಿತ್ರದುರ್ಗಕ್ಕೆ ಶಾಂತಿಸಾಗರದಿಂದ, ವಾಣಿ ವಿಲಾಸ ಸಾಗರದಿಂದ ನೀರು ಬರಬೇಕು. ಜಗಳೂರು ಸೀಮೆಯ ಕಥೆ ಹೇಳುವುದೇ ಬೇಡ. ನೀರು ಬಂದ ದಿನ ಡ್ರಮ್ಮು, ಸಿಂಟೆಕ್ಸ್, ಹಂಡೆ, ಬಿಂದಿಗೆ ಎಲ್ಲ ತುಂಬಿಸಿಡುತ್ತೇವೆ. ಅದು ನಮ್ಮ ತಪ್ಪಲ್ಲ, ಅನಿವಾರ್ಯ.

ಡೆಂಗಿ ಸೊಳ್ಳೆಗೆ ಬೇಕಾದದ್ದು ಅದೇ. ಅದು ಚರಂಡಿಯ ಸೊಳ್ಳೆ ಅಲ್ಲ, ತಿಳಿನೀರಿನ ಸೊಳ್ಳೆ. ಮೊಟ್ಟೆ ಇಟ್ಟು ಒಂದು ವಾರದಿಂದ ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಡ್ರಮ್ಮಿನ ನೀರಿನ ವಯಸ್ಸೂ ಸೊಳ್ಳೆಗೆ ಬೇಕಾದ ದಿನಗಳೂ ಹೆಚ್ಚುಕಮ್ಮಿ ಒಂದೇ ಆಗುತ್ತವೆ. ನೀರು ಚೆಲ್ಲಿದರೂ ಮುಗಿಯಲಿಲ್ಲ. ಮೊಟ್ಟೆ ಡ್ರಮ್ಮಿನ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಕಾದು ಕೂತು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ಬ್ರಷ್ ಹಾಕಿ ತಿಕ್ಕಬೇಕು, ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ಕಚ್ಚುವುದೂ ಹೆಚ್ಚಾಗಿ ಹಗಲು ಹೊತ್ತು. ರಾತ್ರಿ ಸೊಳ್ಳೆ ಪರದೆ ಕಟ್ಟಿ ನೆಮ್ಮದಿಯಾಗಿ ಮಲಗುವವರಿಗೆ ಇದು ಗೊತ್ತಿರಬೇಕು.

ಈ ಸೊಳ್ಳೆ ತಾನಾಗಿ ಕೆಲವು ನೂರು ಮೀಟರ್‌ಗಿಂತ ದೂರ ಹೋಗುವುದು ಅಪರೂಪ. ಹಾಗಾದರೆ ಡೆಂಗಿ ಒಂದೂರಿಂದ ಇನ್ನೊಂದೂರಿಗೆ ಹೋಗುವುದು ಹೇಗೆ? ನಮ್ಮ ಮೂಲಕ. ಬೆಂಗಳೂರಿನ ಪಿಜಿಯಲ್ಲಿ ಸೊಳ್ಳೆ ಕಚ್ಚಿಸಿಕೊಂಡ ಹುಡುಗ ಜ್ವರ ಬಂತೆಂದು ಅಮ್ಮನ ಕೈ ಊಟಕ್ಕೆ ದಾವಣಗೆರೆ ಬಸ್ಸು ಹತ್ತುತ್ತಾನೆ. ಜ್ವರದ ಮೊದಲ ದಿನಗಳಲ್ಲಿ ಅವನ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ನಮ್ಮ ಓಣಿಯ ಸೊಳ್ಳೆ ಅವನನ್ನು ಕಚ್ಚುತ್ತದೆ. ಹತ್ತು ದಿನ ಬಿಟ್ಟು ಅದೇ ಸೊಳ್ಳೆ ಪಕ್ಕದ ಮನೆಯ ಮಗುವನ್ನು ಕಚ್ಚುತ್ತದೆ. ಜನ ಹೆದರುವ ಮಂಗನ ಕಾಯಿಲೆ ಬಸ್ಸು ಹತ್ತುವುದಿಲ್ಲ, ಯಾರೂ ಹೆದರದ ಡೆಂಗಿ ಟಿಕೆಟ್ ತೆಗೆದುಕೊಂಡೇ ಬರುತ್ತದೆ.

2024ರಲ್ಲಿ ರಾಜ್ಯದಲ್ಲಿ ಡೆಂಗಿ ಕೇಸ್ 25 ಸಾವಿರ ದಾಟಿದವು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಮನೆಯ ಸುತ್ತ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮವೂ ಬಂತು. ದಂಡದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಭಯ ಇಲ್ಲದೆ ಜನ ಡ್ರಮ್ಮು ಮುಚ್ಚುವುದಿಲ್ಲ ಅನ್ನುವವರು ಒಂದು ಕಡೆ. ನಲ್ಲಿಯಲ್ಲಿ ದಿನಾ ನೀರು ಬಿಟ್ಟರೆ ಡ್ರಮ್ಮೇ ಬೇಕಾಗಿರಲಿಲ್ಲ, ನೀರು ಬಿಡದವರಿಗೆ ದಂಡ ಯಾರು ಹಾಕುತ್ತಾರೆ ಅನ್ನುವವರು ಇನ್ನೊಂದು ಕಡೆ. ಎರಡನೆಯ ಮಾತಿಗೆ ತೂಕ ಜಾಸ್ತಿ. ಆದರೆ ನೀರಿನ ವ್ಯವಸ್ಥೆ ಸರಿಹೋಗಲು ವರ್ಷಗಳು ಬೇಕು, ಸೊಳ್ಳೆಗೆ ಹತ್ತು ದಿನ ಸಾಕು.

ವಾಪಸ್ ಬಂದ ಮೇಲಿನ ಹತ್ತು ದಿನ

ಮಂಗನ ಕಾಯಿಲೆಯ ವಿಚಾರದಲ್ಲಿ ದಾವಣಗೆರೆಯವರಿಗೆ ನಿಜವಾದ ಅಪಾಯ ಇರುವುದು ಹೋಗುವಾಗ ಅಲ್ಲ, ಬಂದ ಮೇಲೆ. ಉಣ್ಣೆ ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು, ವಾಂತಿ ಶುರುವಾಗುತ್ತದೆ. ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ, ಫೋಟೊಗಳು ಸ್ಟೇಟಸ್‌ನಿಂದಲೂ ಹೋಗಿರುತ್ತವೆ. ಇಲ್ಲಿನ ಡಾಕ್ಟರ್ ರಕ್ತ ಪರೀಕ್ಷೆ ಬರೆಯುತ್ತಾರೆ. ಪ್ಲೇಟ್‌ಲೆಟ್ ಇಳಿದಿರುತ್ತದೆ. ಪ್ಲೇಟ್‌ಲೆಟ್ ಇಳಿದ ಜ್ವರ ಅಂದರೆ ನಮ್ಮೂರಲ್ಲಿ ಮೊದಲ ಗುಮಾನಿ ಡೆಂಗಿ ಮೇಲೆ. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುವುದರಿಂದ ಡಾಕ್ಟರ ತಪ್ಪೇನೂ ಇಲ್ಲ.

ಶಿವಮೊಗ್ಗದಲ್ಲಾದರೆ ಈ ಕಾಯಿಲೆಗೆಂದೇ ವೈರಾಣು ಪರೀಕ್ಷಾ ಪ್ರಯೋಗಾಲಯ ಇದೆ. ಸಾಗರ, ತೀರ್ಥಹಳ್ಳಿಯ ಡಾಕ್ಟರು ಜನವರಿಯ ಜ್ವರ ನೋಡಿದ ಕೂಡಲೇ ‘ತೋಟಕ್ಕೆ, ಕಾಡಿಗೆ ಹೋಗಿದ್ರಾ?’ ಎಂದು ಕೇಳುತ್ತಾರೆ. ಬಯಲುಸೀಮೆಯಲ್ಲಿ ಆ ಪ್ರಶ್ನೆ ನೆನಪಾಗುವುದು ಕಷ್ಟ. ಮಂಗನ ಕಾಯಿಲೆಗೆ ಅಂತಲೇ ಮಾತ್ರೆ ಇಲ್ಲ ನಿಜ. ಆದರೆ ಬೇಗ ಗೊತ್ತಾದರೆ ನೀರಿನಂಶ, ರಕ್ತಸ್ರಾವ, ಬಿಪಿ ಎಲ್ಲವನ್ನೂ ಕಣ್ಣಿಟ್ಟು ಕಾಯಬಹುದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ಬಂದು ಮಿದುಳಿನ ತೊಂದರೆ ಕೊಡುವುದೂ ಇದೆ. ಕಾಯಿಲೆ ಯಾವುದೆಂದು ಗೊತ್ತಿದ್ದವರು ಅದಕ್ಕೆ ಸಿದ್ಧರಿರುತ್ತಾರೆ. ಡೆಂಗಿ ವಾಸಿಯಾಯ್ತು ಎಂದುಕೊಂಡವರು ಸಿದ್ಧರಿರುವುದಿಲ್ಲ. ಯಾವ ಜ್ವರ ಎಂದು ಗೊತ್ತಾಗುವ ತನಕ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ಐಬುಪ್ರೊಫೆನ್, ಆಸ್ಪಿರಿನ್ ತರದ ನೋವಿನ ಮಾತ್ರೆ ನುಂಗಬಾರದು. ಎರಡೂ ಕಾಯಿಲೆಗಳಲ್ಲಿ ಅವು ರಕ್ತಸ್ರಾವ ಹೆಚ್ಚಿಸಬಹುದು.

ಹಾಗಾಗಿ ಕೊಯ್ಲಿನ ಕೂಲಿಗೆ ಹೋದವರಾಗಲಿ, ಟೂರಿಗೆ ಹೋದವರಾಗಲಿ ಹತ್ತು ದಿನದೊಳಗೆ ಜ್ವರ ಬಂದರೆ ಡಾಕ್ಟರ ಮುಂದೆ ಮೊದಲ ಮಾತಾಗಿ ‘ಮಲೆನಾಡಿಗೆ ಹೋಗಿದ್ದೆ, ಇಂಥ ಊರಿನ ಕಾಡಿಗೆ ಇಳಿದಿದ್ದೆ’ ಎಂದು ಹೇಳಬೇಕು. ಇಷ್ಟು ಸಣ್ಣ ಕೆಲಸ ಕಷ್ಟವಾಗಿರುವುದಕ್ಕೂ ಕಾರಣ ಇದೆ. 2020ರಲ್ಲಿ ಊರು ಹೆಸರು ಹೇಳಿದವರ ಮನೆ ಮುಂದೆ ತಗಡು ಬಡಿದರು, ಕೈಗೆ ಸೀಲ್ ಹಾಕಿದರು, ಓಣಿಯವರು ಬಾಗಿಲು ಹಾಕಿಕೊಂಡರು. ಆ ನೆನಪು ಇನ್ನೂ ಹಸಿ ಇದೆ. ‘ಎಲ್ಲಿಗಾದ್ರೂ ಹೋಗಿದ್ರಾ?’ ಎಂದರೆ ‘ಎಲ್ಲೂ ಇಲ್ಲ ಸಾರ್, ಮನೇಲೇ ಇದ್ದೆ’ ಎಂಬ ಉತ್ತರ ತಾನಾಗಿಯೇ ಬಾಯಿಗೆ ಬರುತ್ತದೆ. ಮಂಗನ ಕಾಯಿಲೆ ಯಾರಿಗೂ ಅಂಟುವುದಿಲ್ಲ, ಹಾಗಾಗಿ ಯಾರ ಮನೆಯನ್ನೂ ಸೀಲ್ ಮಾಡಬೇಕಾಗಿಲ್ಲ, ಪಕ್ಕದ ಮನೆಯವರು ಹೆದರಬೇಕಾಗಿಯೂ ಇಲ್ಲ. ‘ಹೈ ಅಲರ್ಟ್’ ಎಂದು ಬರೆಯುವ ಸುದ್ದಿಗಳಲ್ಲಿ ಈ ಒಂದು ಸಾಲು ಮಾತ್ರ ಕಾಣುವುದಿಲ್ಲ.